ಎರಡು ‘ಪಾಯಿಂಟ್ 32’ ಒಂದೇ ಅಲ್ಲ: ಪಿಸ್ತೂಲು, ರಿವಾಲ್ವರ್‌ಗೆ ಸರಿಯಾದ ಗುಂಡು ಯಾವುದು? ಖಾಲಿ ತೋಟಾಗೆ ಮನೇಲಿ ಮತ್ತೆ ಮದ್ದು ತುಂಬಬಹುದಾ?

ಅಂತರಘಟ್ಟೆ (ಅಜ್ಜಂಪುರ): ನಮ್ಮ ಕಡೆ ಲೈಸೆನ್ಸ್ ಇರುವ ಆಯುಧ ಅಂದ್ರೆ ಹೆಚ್ಚಾಗಿ ಕೋವಿ. ಮೆಕ್ಕೆಜೋಳ, ಅಡಿಕೆ ತೋಟ ಕಾಯೋಕೆ ಅಂತ ಅಜ್ಜನ ಕಾಲದಿಂದ ಬಂದ ಕೇಪಿನ ಕೋವಿ, ಇಲ್ಲವೇ ಒಂಟಿ ನಳಿಗೆ, ಜೋಡು ನಳಿಗೆಯ ತೋಟಾ ಕೋವಿ. ರಿವಾಲ್ವರ್, ಪಿಸ್ತೂಲು ಇಟ್ಟುಕೊಂಡವರು ಕಡಿಮೆ. ಆದರೆ ಕಡಿಮೆ ಜನರ ಹತ್ತಿರ ಇರೋದರಿಂದಲೇ ಅದರ ಗುಂಡಿನ ಬಗ್ಗೆ ಕೇಳಿ ತಿಳಿಯೋಕೆ ಊರಲ್ಲಿ ಯಾರೂ ಸಿಗಲ್ಲ. ಸಿಗೋದು ಯೂಟ್ಯೂಬ್. ಅದರಲ್ಲಿ ಅಮೆರಿಕದವರು ಕಾರ್ ಶೆಡ್ಡಿನಲ್ಲಿ ಸಣ್ಣ ಮಿಷನ್ ಇಟ್ಟುಕೊಂಡು, ಹಾರಿಸಿ ಬಿದ್ದ ಖಾಲಿ ತೋಟಾಗೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸ್ತಾರೆ. ನೋಡೋಕೆ ಹಪ್ಪಳ ಒತ್ತಿದಷ್ಟೇ ಸುಲಭ ಅನ್ಸುತ್ತೆ. ಇದನ್ನ ನೋಡಿ ‘ನಾವೂ ಮಾಡಬಹುದಲ್ವಾ’ ಅನ್ನೋ ಹುಡುಗರಿಗೆ, ಲೈಸೆನ್ಸ್ ಪುಸ್ತಕ ಬೀರುವಿನಲ್ಲಿ ಇರುವ ಅವರ ಮನೆಯ ಹಿರಿಯರಿಗೆ ಇಬ್ಬರಿಗೂ ಈ ಮಾಹಿತಿ.

ಮೊದಲು ಕಾನೂನು

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳೋಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆಯುಧವಾಗಲಿ ಮದ್ದುಗುಂಡಾಗಲಿ ತಯಾರಿಸೋಕೆ ಪ್ರತ್ಯೇಕ ಲೈಸೆನ್ಸ್ ಇರಬೇಕು. ರಿವಾಲ್ವರ್ ಇಟ್ಟುಕೊಳ್ಳೋಕೆ ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸ್ ಅದಕ್ಕೆ ಸಾಲದು. ಅದು ಆಯುಧ ಮತ್ತು ಅದಕ್ಕೆ ಬೇಕಾದ ತೋಟಾ ಹೊಂದಿರೋಕೆ, ಒಯ್ಯೋಕೆ ಮಾತ್ರ.

ಇಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ. ಕಾಯ್ದೆಯಲ್ಲಿ ‘ಮದ್ದುಗುಂಡು’ ಅಂದ್ರೆ ತುಂಬಿದ ತೋಟಾ ಮಾತ್ರ ಅಲ್ಲ. ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಕೂಡ ಆ ವ್ಯಾಖ್ಯಾನದೊಳಗೇ ಬರುತ್ತೆ. ಹಾಗಾಗಿ ‘ನಾನಿನ್ನೂ ತುಂಬೇ ಇಲ್ಲ, ಸಾಮಾನು ತರಿಸಿದ್ದೆ ಅಷ್ಟೆ’ ಅಂತ ಪೊಲೀಸರ ಮುಂದೆ ಹೇಳಿದರೆ ಉಪಯೋಗ ಆಗಲ್ಲ. 5ನೇ ಸೆಕ್ಷನ್ ಮೀರಿ ತಯಾರಿಸಿದರೆ 2019ರ ತಿದ್ದುಪಡಿ ನಂತರ ಕನಿಷ್ಠ ಶಿಕ್ಷೆಯೇ 7 ವರ್ಷ. ಜೀವಾವಧಿವರೆಗೂ ಹೋಗಬಹುದು, ಜೊತೆಗೆ ದಂಡ. ಕೈಲಿ ಅಧಿಕೃತ ಲೈಸೆನ್ಸ್ ಇದ್ದವನೂ ಇದರಲ್ಲಿ ಸಿಕ್ಕಿಕೊಂಡರೆ ಪುಸ್ತಕವೂ ಹೋಗುತ್ತೆ, ಆಯುಧವೂ ಹೋಗುತ್ತೆ.

ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿರೋದು ನಿಜ. ಅದು ಚಿಕ್ಕಮಗಳೂರು ಜಿಲ್ಲೆಗೆ ಅನ್ವಯಿಸಲ್ಲ. ತೋಟಾ ತಯಾರಿಕೆಗಂತೂ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ತೋಟಾ ಬೇರೆ, ಗುಂಡು ಬೇರೆ

ಮಾತಲ್ಲಿ ನಾವು ಎಲ್ಲದಕ್ಕೂ ‘ಗುಂಡು’ ಅಂತೀವಿ. ನಿಜಕ್ಕೆ ತೋಟಾದಲ್ಲಿ ನಾಲ್ಕು ಭಾಗ ಇರುತ್ತೆ. ಹೊರಗಿನ ಹಿತ್ತಾಳೆ ಕೇಸು, ಅದರ ತಳದಲ್ಲಿ ಹೊಡೆತಕ್ಕೆ ಕಿಡಿ ಕೊಡುವ ಪ್ರೈಮರ್ (ಕೇಪಿನ ಕೋವಿಯ ಕೇಪು ಮಾಡೋ ಕೆಲಸವನ್ನೇ ಇದೂ ಮಾಡೋದು), ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಾರಿ ಹೋಗೋದು ಗುಂಡು ಒಂದೇ. ಕೇಸು ನಮ್ಮ ಹತ್ತಿರವೇ ಉಳಿಯುತ್ತೆ. ಮರುಭರ್ತಿ ಅನ್ನೋ ವಿದ್ಯೆ ಹುಟ್ಟಿದ್ದೇ ಈ ಉಳಿದ ಹಿತ್ತಾಳೆಯನ್ನು ಬಿಸಾಡೋಕೆ ಮನಸ್ಸಿಲ್ಲದೆ.

ಎಲ್ಲಾ ತೋಟಾನೂ ಮರುಭರ್ತಿ ಆಗೋ ಜಾತಿಯದ್ದಲ್ಲ ಅನ್ನೋದು ಬೇರೆ ಮಾತು. .22 ತೋಟಾದಲ್ಲಿ ಪ್ರತ್ಯೇಕ ಪ್ರೈಮರ್ ಇರಲ್ಲ. ಕಿಡಿಯ ಮದ್ದು ತಳದ ಅಂಚಿನ ಮಡಿಕೆಯೊಳಗೇ ಹರಡಿರುತ್ತೆ. ಒಮ್ಮೆ ಹೊಡೆದರೆ ಆ ಅಂಚು ಜಜ್ಜಿಹೋಗುತ್ತೆ, ಅಲ್ಲಿಗೆ ಅದರ ಕಥೆ ಮುಗೀತು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿಗೆ ಬಳಸಿದ್ದು, ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್‌ಗೆ ಬಳಸಿದ್ದು ಈ .22 ತೋಟಾಗಳನ್ನೇ.

ಎರಡು ‘ಮೂವತ್ತೆರಡು’

ಗೊಂದಲ ಜಾಸ್ತಿ ಇರೋದು .32ರಲ್ಲಿ. ಸಾಮಾನ್ಯ ಜನರಿಗೆ ಲೈಸೆನ್ಸ್ ಮೇಲೆ ಸಿಗೋ ಕೈ ಆಯುಧ ಹೆಚ್ಚಾಗಿ ಇದೇ ಬೋರಿನದ್ದು. 9 ಎಂ.ಎಂ. ಪೊಲೀಸರಿಗೆ, ಸೈನ್ಯಕ್ಕೆ ಮೀಸಲಾದ ನಿಷೇಧಿತ ಬೋರ್. ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ ಆರು ಗುಂಡಿನ ರಿವಾಲ್ವರೂ .32, ‘ಅಶನಿ’ ಹೆಸರಿನ ಸರ್ಕಾರಿ ಕಾರ್ಖಾನೆಯ ಪಿಸ್ತೂಲೂ .32. ಅಂಗಡಿಯಲ್ಲಿ ‘ಪಾಯಿಂಟ್ ಮೂವತ್ತೆರಡು ಕೊಡಿ’ ಅಂದ್ರೆ ಅಂಗಡಿಯವನು ತಿರುಗಿ ಕೇಳಲೇಬೇಕು, ರಿವಾಲ್ವರಿಗೋ ಪಿಸ್ತೂಲಿಗೋ ಅಂತ. ಕೇಳದಿದ್ದರೆ ನೀವೇ ಹೇಳಿ.

ರಿವಾಲ್ವರಿನದ್ದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್. 1896ರಲ್ಲಿ ಬಂದದ್ದು. ಕೇಸು ಸುಮಾರು 23 ಮಿ.ಮೀ. ಉದ್ದ, ತಳದಲ್ಲಿ ಹೊರಚಾಚಿದ ಅಂಚು ಇರುತ್ತೆ. ಆ ಅಂಚು ಸಿಲಿಂಡರಿನ ಹಿಂಬದಿಗೆ ತಾಗಿ ತೋಟಾ ಒಳಗೆ ಜಾರದ ಹಾಗೆ ಹಿಡಿಯುತ್ತೆ. ಪಿಸ್ತೂಲಿನದ್ದು .32 ಎ.ಸಿ.ಪಿ. 1899ರಲ್ಲಿ ಜಾನ್ ಬ್ರೌನಿಂಗ್ ಮಾಡಿದ್ದು. ಕೇಸು ಸುಮಾರು 17 ಮಿ.ಮೀ. ಮಾತ್ರ, ಅಂಚು ಇದೆಯೋ ಇಲ್ಲವೋ ಅನ್ನೋ ಹಾಗೆ ಸ್ವಲ್ಪವೇ ಚಾಚಿರುತ್ತೆ. ಇದಕ್ಕೇ ಯುರೋಪಿನಲ್ಲಿ 7.65 ಎಂ.ಎಂ. ಅಂತ ಹೆಸರು. ಪೇಪರಿನಲ್ಲಿ ‘7.65 ಎಂ.ಎಂ. ಪಿಸ್ತೂಲು’ ಅಂತ ಓದಿದಾಗ ಅದು ಬೇರೇನೋ ದೊಡ್ಡ ಆಯುಧ ಅಂದ್ಕೋಬೇಡಿ, ಇದೇ.

ಎರಡರ ಗುಂಡಿನ ದಪ್ಪವೂ ಹೆಚ್ಚು ಕಡಿಮೆ ಒಂದೇ, ಇಂಚಿನ ಸಾವಿರದಲ್ಲಿ 312 ಭಾಗದ ಆಸುಪಾಸು, ಅಂದ್ರೆ ಸುಮಾರು 7.9 ಮಿ.ಮೀ. ಅಪಾಯ ಇರೋದು ಅಲ್ಲೇ. ಗಿಡ್ಡ ಪಿಸ್ತೂಲ್ ತೋಟಾ ಹಲವು ರಿವಾಲ್ವರ್‌ಗಳ ಸಿಲಿಂಡರಿನಲ್ಲಿ ಹೋಗಿ ಕೂತುಬಿಡುತ್ತೆ. ‘ಕೂತಿತು, ಹಾಗಾದ್ರೆ ಸರಿ’ ಅನ್ನೋ ಲೆಕ್ಕ ಇಲ್ಲಿ ತಪ್ಪು. ಅಮೆರಿಕದ ತಯಾರಕರ ಮಾನದಂಡದಲ್ಲಿ ರಿವಾಲ್ವರ್ ತೋಟಾದ ಗರಿಷ್ಠ ಒತ್ತಡ ಪ್ರತಿ ಚದರ ಇಂಚಿಗೆ 15,000 ಪೌಂಡ್, ಪಿಸ್ತೂಲ್ ತೋಟಾದ್ದು 20,500. ಕಾರಿನ ಟೈರಿಗೆ ನಾವು ಹಾಕಿಸೋ ಗಾಳಿ 30ರ ಹತ್ತಿರ ಇರುತ್ತೆ ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. 15 ಸಾವಿರಕ್ಕೆ ಕಟ್ಟಿದ ಹಳೇ ಸಿಲಿಂಡರಿನೊಳಗೆ 20 ಸಾವಿರ ಬಿಟ್ಟರೆ ಇವತ್ತು ತಡೆದುಕೊಳ್ಳಬಹುದು, ನಾಳೆ ಬಿರುಕು ಬಿಡಬಹುದು. ಅದು ಬಿರುಕು ಬಿಡೋದು ನಿಮ್ಮ ಬೆರಳಿನ ಪಕ್ಕದಲ್ಲೇ.

ಹಾಗಾಗಿ ಮೂರು ಬರಹ ಹೊಂದಬೇಕು: ಲೈಸೆನ್ಸ್ ಪುಸ್ತಕದಲ್ಲಿ ಬರೆದಿರೋದು, ಆಯುಧದ ಮೇಲೆ ಕೊರೆದಿರೋದು, ತೋಟಾದ ತಳದಲ್ಲಿ ಒತ್ತಿರೋದು. ತಳದ ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡೇ ಓದಬೇಕು. ಅಲ್ಲಿ ‘ಕೆ.ಎಫ್.’ ಅಂತಿದ್ದರೆ ಅದು ಪುಣೆ ಹತ್ತಿರದ ಖಡ್ಕಿ ಮದ್ದುಗುಂಡು ಕಾರ್ಖಾನೆಯದ್ದು. 1869ರಲ್ಲಿ ಶುರುವಾದ ಈ ಕಾರ್ಖಾನೆ ಮೊದಲು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೆಳಗಿತ್ತು. 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಬೋರ್ಡ್ ಹೋಗಿ ಕಂಪನಿ ಆದ್ರೂ ನಮ್ಮವರ ಬಾಯಲ್ಲಿ ಅದು ‘ಆರ್ಡಿನೆನ್ಸ್ ಗುಂಡು’.

ಗುಂಡಿನ ಆಯ್ಕೆ: ತೂಕ, ಆಕಾರ, ಲೋಹ

ಮರುಭರ್ತಿಗೆ ಅನುಮತಿ ಇರುವ ದೇಶಗಳಲ್ಲಿ ಶೂಟರ್‌ಗಳು ಗುಂಡನ್ನು ಹೇಗೆ ಆರಿಸ್ತಾರೆ ಅಂತ ತಿಳಿದುಕೊಳ್ಳೋದು ಅಂಗಡಿಯಲ್ಲಿ ಡಬ್ಬಿ ಕೊಳ್ಳೋರಿಗೂ ಉಪಯೋಗ. ಡಬ್ಬಿ ಮೇಲಿನ ಸಂಖ್ಯೆಗಳ ಅರ್ಥ ಆಗ ಗೊತ್ತಾಗುತ್ತೆ.

ತೂಕವನ್ನ ‘ಗ್ರೇನ್’ನಲ್ಲಿ ಬರೆದಿರ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. .32 ಎ.ಸಿ.ಪಿ.ಗೆ ರೂಢಿಯ ಗುಂಡು 71 ಗ್ರೇನ್, ಅಂದ್ರೆ ನಾಲ್ಕೂವರೆ ಗ್ರಾಂ ಮೇಲೆ ಸ್ವಲ್ಪ. ರಿವಾಲ್ವರಿನ .32 ಲಾಂಗ್‌ಗೆ 98 ಗ್ರೇನ್, ಸುಮಾರು 6.3 ಗ್ರಾಂ. ದಪ್ಪ ಒಂದೇ ಆದಮೇಲೆ ಅದನ್ನ ಇದಕ್ಕೆ, ಇದನ್ನ ಅದಕ್ಕೆ ಕೂರಿಸಿದ್ರೆ ಏನಾಗುತ್ತೆ? ಭಾರದ ಗುಂಡು ಉದ್ದವಾಗಿರುತ್ತೆ. ಪಿಸ್ತೂಲಿನ ಗಿಡ್ಡ ಕೇಸಿನಲ್ಲಿ ಅದು ಇನ್ನೂ ಒಳಗೆ ಇಳಿಯುತ್ತೆ, ಮದ್ದಿಗೆ ಉಳಿಯೋ ಜಾಗ ಕಡಿಮೆ ಆಗುತ್ತೆ. ಜಾಗ ಕಡಿಮೆ ಆಗಿ, ತಳ್ಳಬೇಕಾದ ಭಾರ ಜಾಸ್ತಿ ಆದ್ರೆ ಒತ್ತಡ ಏರೋದು ಸಹಜ. ಕುಕ್ಕರಿನಲ್ಲಿ ಅಳತೆ ಮೀರಿ ಬೇಳೆ ತುಂಬಿ ಸೀಟಿ ಮೇಲೆ ಭಾರ ಇಟ್ಟ ಹಾಗೆ. ಸಣ್ಣ ತೋಟಾದಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕಂದ್ರೆ ಒಳಗಿನ ಜಾಗವೇ ಅಷ್ಟು ಪುಟ್ಟದು. ಗುಂಡು ಕೂದಲೆಳೆಯಷ್ಟು ಆಳಕ್ಕೆ ಹೋದರೂ ಲೆಕ್ಕ ಬದಲಾಗುತ್ತೆ. ದೊಡ್ಡ ರೈಫಲ್ ತೋಟಾದಲ್ಲಿ ನಡೆದುಹೋಗುವ ವ್ಯತ್ಯಾಸ ಇಲ್ಲಿ ನಡೆಯಲ್ಲ.

ಆಕಾರದ ವಿಷಯಕ್ಕೆ ಬಂದರೆ, ಪಿಸ್ತೂಲಿನಲ್ಲಿ ತೋಟಾ ಮ್ಯಾಗಝಿನ್‌ನಿಂದ ಎದ್ದು, ಇಳಿಜಾರು ಹತ್ತಿ, ತಾನಾಗೇ ನಳಿಗೆಯ ಬಾಯಿಗೆ ಹೋಗಬೇಕು. ಅದಕ್ಕೆ ಮೂತಿ ದುಂಡಗಿರಬೇಕು. ಮೂತಿ ಚಪ್ಪಟೆ ಇದ್ದರೆ ಅಂಚಿಗೆ ತಗುಲಿ ಸಿಕ್ಕಿಕೊಳ್ಳುತ್ತೆ. ರಿವಾಲ್ವರಿಗೆ ಈ ತೊಂದರೆ ಇಲ್ಲ, ಕೈಯಿಂದಲೇ ಒಂದೊಂದು ಕೂರಿಸೋದು. ಹಾಗಾಗಿ ಗುರಿ ಸ್ಪರ್ಧೆಗೆ ‘ವಾಡ್‌ಕಟರ್’ ಅನ್ನೋ ಗುಂಡು ಬಂತು. ಅದಕ್ಕೆ ಮೂತಿಯೇ ಇಲ್ಲ, ಸೀಸದ ಸಣ್ಣ ಡಬ್ಬಿ ಹಾಗಿರುತ್ತೆ. ಕಾಗದದ ಗುರಿಗೆ ಬಿದ್ದರೆ ಪಂಚಿಂಗ್ ಮಿಷನ್‌ನಲ್ಲಿ ಒತ್ತಿದಂತೆ ಸ್ವಚ್ಛ ದುಂಡು ತೂತು. ದುಂಡು ಮೂತಿಯ ಗುಂಡು ಕಾಗದವನ್ನ ಹರಿಯುತ್ತೆ, ಗೆರೆ ಮೇಲೆ ಬಿದ್ದಾಗ ಅಂಕ ಲೆಕ್ಕ ಹಾಕೋರಿಗೆ ತಲೆನೋವು. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ .32 ಲಾಂಗ್ ವಾಡ್‌ಕಟರ್ ಬಹಳ ಕಾಲದಿಂದ ಶೂಟರ್‌ಗಳ ಮೆಚ್ಚಿನದು. ಅದಕ್ಕೆಂದೇ ಅದನ್ನ ನುಂಗುವ ವಿಶೇಷ ಪಿಸ್ತೂಲುಗಳನ್ನೂ ಮಾಡ್ತಾರೆ. ಜಸ್ಪಾಲ್ ರಾಣಾ 1994ರ ಹಿರೋಷಿಮಾ ಮತ್ತು 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ದೋಹಾದಲ್ಲಿ 590 ಅಂಕ, ಆಗಿನ ವಿಶ್ವದಾಖಲೆಗೆ ಸಮ.

ಲೋಹ ಎರಡು ಬಗೆ. ಬರೀ ಸೀಸದ್ದು ಮೆತ್ತಗೆ, ನಿಧಾನದ ತೋಟಾಗೆ ಸರಿ. .32 ಲಾಂಗ್‌ನ ಗುಂಡು ಸೆಕೆಂಡಿಗೆ 215 ಮೀಟರ್ ಹತ್ತಿರ ಹೋಗೋದರಿಂದ ಸೀಸ ಸಾಕಾಗುತ್ತೆ. ಪಿಸ್ತೂಲಿಗೆ ತಾಮ್ರದ ಕವಚ ಹಾಕಿದ ಗುಂಡು ರೂಢಿ. ಉಜ್ಜಿಕೊಂಡು ಮೇಲೇಳುವಾಗ ಆಕಾರ ಕೆಡಲ್ಲ, ನಳಿಗೆಯ ಒಳಗೆ ಸೀಸ ಮೆತ್ತಿಕೊಳ್ಳಲ್ಲ. ದಪ್ಪ ಒಂದಿಷ್ಟು ಕಡಿಮೆ ಆದ್ರೆ ಗುಂಡು ನಳಿಗೆಯ ತಿರುಪನ್ನು ಹಿಡಿಯದೆ ಗಾಳಿಯಲ್ಲಿ ಅಡ್ಡ ತಿರುಗುತ್ತೆ, ಹೆಚ್ಚಾದ್ರೆ ಬಿಗಿದುಕೊಂಡು ಒತ್ತಡ ಏರಿಸುತ್ತೆ.

ಒಂದು ಮಾತು ಹಂದಿ ಕಾಟದವರಿಗೆ. ಈ ಸಣ್ಣ ಗುಂಡು ಕಾಡುಹಂದಿಗೆ ಹೇಳಿ ಮಾಡಿಸಿದ್ದಲ್ಲ. ಗಾಯಗೊಂಡ ಹಂದಿ ಜೋಳದ ಹೊಲದೊಳಗೆ ಕೂತಿದ್ದರೆ ಬೆಳಗ್ಗೆ ನೀರು ಕಟ್ಟೋಕೆ ಹೋದವರ ಗತಿ ಏನು? ಅದಲ್ಲದೆ ಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡಿದ್ರೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಈಡು ಹಾರಿಸೋ ಹಾಗಿಲ್ಲ. ಕಡೂರು ತಾಲೂಕಿನ ಬಾಸೂರು ಅಮೃತ್ ಮಹಲ್ ಕಾವಲಿನ ಕೃಷ್ಣಮೃಗದ ವಿಚಾರ ಕೇಳುವುದೇ ಬೇಡ, ಅದು ಮೊದಲನೇ ಶೆಡ್ಯೂಲಿನ ಪ್ರಾಣಿ.

ಕೈ ತಪ್ಪಿದಾಗ ಆಗೋದು

ಮನೆಯಲ್ಲಿ ತುಂಬಿದ ತೋಟಾದಲ್ಲಿ ಎರಡು ರೀತಿ ಅನಾಹುತ ಆಗುತ್ತೆ. ಮದ್ದು ಎರಡು ಸಲ ಬಿದ್ದರೆ ಆಯುಧ ಸಿಡಿಯುತ್ತೆ, ಇದು ಎಲ್ಲರಿಗೂ ಹೊಳೆಯೋ ವಿಚಾರ. ಹೊಳೆಯದೇ ಇರೋದು ಮದ್ದು ಬೀಳದೇ ಹೋದಾಗಿನದು. ಪ್ರೈಮರ್‌ನ ಬಲ ಒಂದರಿಂದಲೇ ಗುಂಡು ಕೇಸು ಬಿಟ್ಟು ನಳಿಗೆಯ ನಡುವೆ ಹೋಗಿ ನಿಲ್ಲುತ್ತೆ. ‘ಟಪ್’ ಅಂತ ಸಣ್ಣ ಸದ್ದು. ಠುಸ್ ಆಯ್ತು ಅಂತ ಮತ್ತೊಂದು ಹೊಡೆದರೆ ಎರಡನೇ ಗುಂಡು ಮೊದಲನೆಯದಕ್ಕೆ ಹೋಗಿ ಗುದ್ದುತ್ತೆ, ನಳಿಗೆ ಉಬ್ಬುತ್ತೆ ಇಲ್ಲ ಒಡೆಯುತ್ತೆ. ಕಾರ್ಖಾನೆಯ ತೋಟಾದಲ್ಲೂ ಹಳತಾಗಿ, ಶೀತ ಹಿಡಿದು ಹೀಗಾಗೋದುಂಟು. ಹಾಗಾಗಿ ಸದ್ದು ಅಥವಾ ಕೈಗೆ ಬರೋ ಒದೆ ಎಂದಿಗಿಂತ ಕಡಿಮೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಆಯುಧ ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಿ. ಸದ್ದೇ ಬರದಿದ್ದರೆ ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ತಡವಾಗಿ ಹೊತ್ತಿಕೊಳ್ಳೋ ತೋಟಾಗಳೂ ಇರ್ತವೆ.

ಕೇಪಿನ ಕೋವಿ ಇರುವ ಮನೆಗಳಲ್ಲಿ ಇನ್ನೊಂದು ಅಪಾಯ ಇದೆ. ಕೇಪಿನ ಕೋವಿಗೆ ಹಾಕೋದು ಕರಿಮದ್ದು. ತೋಟಾದೊಳಗೆ ಇರೋದು ಹೊಗೆ ಬಾರದ ಮದ್ದು, ಅದರ ಜಾತಿಯೇ ಬೇರೆ, ಅದೇ ಅಳತೆಗೆ ಎಷ್ಟೋ ಪಟ್ಟು ಬಲ. ಹಳೇ ತೋಟಾ ಒಡೆದು ಅದರ ಮದ್ದನ್ನ ಕೇಪಿನ ಕೋವಿಗೆ ಸುರಿಯೋದು ಕೋವಿ ಸಿಡಿಸೋ ನೇರ ದಾರಿ. ಕಣ್ಣು, ಕೈ ಹೋಗುತ್ತೆ.

ಮರುಭರ್ತಿ ತೋಟಾ ಸಾಕ್ಷಿಯನ್ನೂ ಇಟ್ಟುಕೊಂಡಿರುತ್ತೆ. ಪ್ರತಿ ಆಯುಧವೂ ಗುಂಡಿನ ಮೇಲೆ ತನ್ನ ನಳಿಗೆಯ ಗೀರು, ಕೇಸಿನ ಮೇಲೆ ತನ್ನ ಮೊಳೆಯ ಗುರುತು, ಎಳೆದು ಬಿಸಾಡೋ ಕೊಕ್ಕೆಯ ಗುರುತು ಬಿಡುತ್ತೆ. ಮತ್ತೆ ತುಂಬಿದ ಕೇಸಿನಲ್ಲಿ ಹೊಸ ಪ್ರೈಮರ್ ಕೂತರೂ ಹಿಂದಿನ ಸಲದ ಕೊಕ್ಕೆ ಗೀರು ಅಂಚಿನಲ್ಲಿ ಉಳಿದಿರುತ್ತೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆ ಆದಾಗ, ಎರಡೂ ಕಡೆಯ ಗುಂಡು ಮತ್ತು ಖಾಲಿ ಕೇಸುಗಳನ್ನು ಹೋಲಿಸಿದ ವಿಧಿವಿಜ್ಞಾನ ವರದಿ, ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಬಳಕೆಯಾಗಿದೆ ಅಂತ ಹೇಳಿತ್ತು. ಎರಡು ವರ್ಷ, 400 ಕಿಲೋಮೀಟರ್ ಅಂತರದ ಎರಡು ಕೊಲೆಗಳನ್ನು ಜೋಡಿಸಿದ್ದು ಬೆರಳ ತುದಿಯಷ್ಟು ಹಿತ್ತಾಳೆ.

ಕೊಂಡ ಮೇಲೆ ಇಡೋದು ಹೇಗೆ

ಲೈಸೆನ್ಸ್ ಇರುವ ಮದ್ದುಗುಂಡು ಅಂಗಡಿಯಲ್ಲಿ ಮಾತ್ರ ಕೊಳ್ಳಬೇಕು, ಕೊಂಡಷ್ಟನ್ನು ಪುಸ್ತಕದಲ್ಲಿ ಬರೆಸಬೇಕು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನೋದು ಲೈಸೆನ್ಸ್‌ನಲ್ಲೇ ಇರುತ್ತೆ. ಪುಸ್ತಕದಲ್ಲಿ ಯು.ಐ.ಎನ್. ಸಂಖ್ಯೆ ಬಂದಿದೆಯಾ ನೋಡಿಕೊಳ್ಳಿ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ 3 ವರ್ಷದಿಂದ 5 ವರ್ಷ ಆಗಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧ ಮೂರರಿಂದ ಎರಡಕ್ಕೆ ಇಳಿದಿದೆ.

ಮಳೆಗಾಲದಲ್ಲಿ ತೋಟಾಗೆ ಹಸಿರು ಕಿಲುಬು ಹಿಡಿಯೋದು ಸಾಮಾನ್ಯ. ಅದಕ್ಕೆ ಅಂತ ಎಣ್ಣೆ ಸವರಬೇಡಿ. ಎಣ್ಣೆ ಪ್ರೈಮರ್ ಸಂದಿಯಲ್ಲಿ ಇಳಿದು ಕಿಡಿಯನ್ನೇ ಕೊಲ್ಲುತ್ತೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ಇಡೋದೂ ಬೇಡ, ಚರ್ಮದ ರಾಸಾಯನಿಕಕ್ಕೆ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತೆ. ಬಂದ ಡಬ್ಬಿಯಲ್ಲೇ ಇಟ್ಟು, ಒಲೆ ಮೇಲಿನ ಅಟ್ಟದಿಂದ ದೂರ, ಆಯುಧ ಇರೋ ಬೀರು ಬಿಟ್ಟು ಬೇರೆ ಕಡೆ ಬೀಗ ಹಾಕಿಡೋದು ಒಳ್ಳೇದು. ಹಳೇ ಡಬ್ಬಿ ಮೊದಲು ಖರ್ಚಾಗಲಿ.

ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟುವಾಗ ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಂಡರೆ ಗತ್ತು ಅಂದ್ಕೊಳ್ಳೋರಿದ್ದರೆ ಲೈಸೆನ್ಸ್‌ನ ಷರತ್ತು ಒಮ್ಮೆ ಓದಲಿ. ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆಗೆ ಆಯುಧ ಒಯ್ಯುವಂತಿಲ್ಲ. ಸಂಭ್ರಮಕ್ಕೆ ಅಂತ ಬೇಜವಾಬ್ದಾರಿಯಿಂದ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇನ್ನು ಲೈಸೆನ್ಸ್ ಇದ್ದ ತಂದೆ ತೀರಿಕೊಂಡು, ಬೀರುವಿನ ಮೂಲೆಯಲ್ಲಿ ಹತ್ತಿಪ್ಪತ್ತು ತೋಟಾ ಉಳಿದಿರೋ ಮನೆಗಳಿವೆ. ಮಗನ ಹೆಸರಲ್ಲಿ ಲೈಸೆನ್ಸ್ ಇಲ್ಲದಿದ್ದರೆ ಅಪ್ಪನ ಆಯುಧವೂ ಆ ತೋಟಾಗಳೂ ಮನೆಯಲ್ಲಿ ಇರೋ ಹಾಗಿಲ್ಲ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಹತ್ತಿರ ಜಮಾ ಮಾಡಬೇಕು. ಎಣಿಸಿ, ತಳದ ಅಕ್ಷರ ಬರೆದುಕೊಂಡು, ರಸೀದಿ ಪಡೆಯಿರಿ. ಮಗ ತನ್ನ ಹೆಸರಿಗೆ ಅರ್ಜಿ ಹಾಕುವಾಗ ಆ ರಸೀದಿ ಬೇಕಾಗುತ್ತೆ.